ಆ ಗಾಲಿಕುರ್ಚಿಯನ್ನು ಕಿಟಕಿ ಹತ್ತಿರ ಎಳೆಯಬೇಡಿ

ಪಾಳುಬಿದ್ದ ಮಾನಸಿಕ ಆಸ್ಪತ್ರೆಗಳ ಫೋಟೋ ನೀವೂ ನೋಡಿರುತ್ತೀರಿ, ಅಲ್ವಾ? ಉದ್ದನೆಯ ಕಾರಿಡಾರ್, ತುದಿಯಲ್ಲಿ ಕಿಟಕಿ, ಅದರ ಮುಂದೆ ಒಂಟಿ ಗಾಲಿಕುರ್ಚಿ. ಆ ಕುರ್ಚಿಯನ್ನು ಎಷ್ಟೋ ಸಲ ಯಾರೋ ಫೋಟೋಗ್ರಾಫರ್ ಎಳೆದು ತಂದಿಟ್ಟಿರುತ್ತಾರೆ. ನೆಲದ ಧೂಳಿನಲ್ಲಿ ಚಕ್ರದ ಗುರುತು ಹಾಗೇ ಇರುತ್ತದೆ.

ಅಮೆರಿಕದಲ್ಲಿ ಇಂಥ ಕಟ್ಟಡಗಳನ್ನು ಕೆಡವುವ ಮುಂಚೆ ಅವುಗಳ ಒಳಭಾಗವನ್ನು ಫೋಟೋ ತೆಗೆದು ದಾಖಲಿಸುವುದು ನನ್ನ ಕೆಲಸ. ಒಳಗಿರುವ ಯಾವುದನ್ನೂ ಸರಿಸಬಾರದು, ಹೊರಗಿನಿಂದ ಏನನ್ನೂ ತಂದಿಡಬಾರದು. ಈ ನಿಯಮವನ್ನು ನಾನು ಬಿಟ್ಟುಕೊಡುವುದಿಲ್ಲ. ಅಲ್ಲಿ ಜನ ಬದುಕಿದ್ದರು. ಅವರ ಜಾಗವನ್ನು ಭೂತಬಂಗಲೆ ಮಾಡುವುದು ನನಗೆ ಸಹಿಸಲಾಗದ ವಿಷಯ.

ಈ ಕಟ್ಟಡಗಳನ್ನು ಹೆದರಿಸಲು ಕಟ್ಟಿರಲಿಲ್ಲ. ಥಾಮಸ್ ಕರ್ಕ್‌ಬ್ರೈಡ್ ಎಂಬ ವೈದ್ಯರು 1854ರಲ್ಲಿ ಮಾನಸಿಕ ಆಸ್ಪತ್ರೆಯನ್ನು ಹೇಗೆ ಕಟ್ಟಬೇಕು ಅಂತ ಒಂದು ಪುಸ್ತಕವನ್ನೇ ಬರೆದರು. ನಡುವೆ ಆಡಳಿತ ಕಚೇರಿ. ಎರಡೂ ಕಡೆ ವಾರ್ಡುಗಳು, ಒಂದಕ್ಕಿಂತ ಒಂದು ಸ್ವಲ್ಪ ಹಿಂದಕ್ಕೆ ಸರಿದು ನಿಲ್ಲುತ್ತವೆ. ಪ್ರತಿ ವಾರ್ಡಿಗೂ ಬಿಸಿಲು, ಗಾಳಿ ಸಿಗಲಿ ಅಂತ ಈ ಏರ್ಪಾಡು. ಬೆಳಕೂ ಚಿಕಿತ್ಸೆಯೇ ಅಂತ ಅವರು ನಂಬಿದ್ದರು. ಒಂದು ಆಸ್ಪತ್ರೆಗೆ 250 ರೋಗಿಗಳು ಸಾಕು ಅಂದಿದ್ದರು. ಆಮೇಲೆ ಅಂಥ ಕಟ್ಟಡಗಳಲ್ಲೇ ಸಾವಿರಗಟ್ಟಲೆ ಜನರನ್ನು ತುಂಬಿದರು. 1955ರ ಹೊತ್ತಿಗೆ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 5.5 ಲಕ್ಷಕ್ಕೂ ಜಾಸ್ತಿ ಜನರಿದ್ದರು. ಹೊಸ ಔಷಧಿಗಳು ಬಂದವು, ದೊಡ್ಡ ಆಸ್ಪತ್ರೆಗಳ ಬದಲು ಜನರಿರುವ ಊರಲ್ಲೇ ಚಿಕಿತ್ಸೆ ಕೊಡಬೇಕೆಂಬ ಕಾನೂನು 1963ರಲ್ಲಿ ಬಂತು, ವಾರ್ಡುಗಳು ಒಂದೊಂದಾಗಿ ಖಾಲಿಯಾದವು.

ಇಷ್ಟು ಗೊತ್ತಿದ್ದರೆ ಕ್ಯಾಮೆರಾ ಇಡುವ ಜಾಗವೇ ಬದಲಾಗುತ್ತದೆ. ಒಂದು ಆಸ್ಪತ್ರೆಯಲ್ಲಿ ರೋಗಿಗಳು ಹಗಲು ಹೊತ್ತು ಕೂರುವ ಹಾಲ್ ಇತ್ತು. ಮೊದಲ ನೋಟಕ್ಕೆ ಅಲ್ಲಿ ಏನೂ ಇರಲಿಲ್ಲ. ಪಕ್ಕದಿಂದ ಬೆಳಕು ಬಿದ್ದಾಗ ಗೋಡೆಯ ಮೇಲೆ ಸೊಂಟದೆತ್ತರದಲ್ಲಿ ಸಾಲು ಗೀರುಗಳು ಕಂಡವು. ಕಬ್ಬಿಣದ ಮಂಚಗಳ ತಲೆಭಾಗ ಉಜ್ಜಿ ಉಜ್ಜಿ ಗಾರೆ ಸವೆದಿತ್ತು. ಒಂದು ಮಂಚಕ್ಕೂ ಇನ್ನೊಂದಕ್ಕೂ ನಡುವೆ ಒಬ್ಬರು ನಿಲ್ಲುವಷ್ಟೂ ಜಾಗವಿಲ್ಲ. ಕೂರುವ ಹಾಲ್ ಮಲಗುವ ಹಾಲ್ ಆಗಿತ್ತು. ನನ್ನ ಮಟ್ಟಿಗೆ ಆ ಆಸ್ಪತ್ರೆಯ ಮುಖ್ಯ ಫೋಟೋ ಅದೇ. ಅದರಲ್ಲಿ ಯಾರೋ ತಂದಿಟ್ಟ ಕುರ್ಚಿಯೂ ಇಲ್ಲ, ಗೊಂಬೆಯೂ ಇಲ್ಲ.

ಸುಲಿದ ಬಣ್ಣವನ್ನೂ ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಕಟ್ಟಡವನ್ನು ಬೆಚ್ಚಗಿಡುವ ಬಾಯ್ಲರ್ ನಿಂತ ಮೊದಲ ಚಳಿಗಾಲದಿಂದಲೇ ಅದು ಶುರುವಾಗುತ್ತದೆ. ಗಾರೆಯೊಳಗಿನ ತೇವ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಬಣ್ಣ ಗೋಡೆ ಬಿಟ್ಟು ಸುರುಳಿಯಾಗುತ್ತದೆ. ಚಕ್ಕೆಯ ಅಂಚನ್ನು ಹತ್ತಿರದಿಂದ ನೋಡಿ: ಮೇಲೆ ತಿಳಿ ಹಸಿರು, ಅದರಡಿ ಕೆನೆ ಬಣ್ಣ, ಇನ್ನೂ ಕೆಳಗೆ ಮಾಸಿದ ನೀಲಿ. ವಾರ್ಡಿಗೆ ಮತ್ತೆ ಮತ್ತೆ ಬಣ್ಣ ಬಳಿದವರ ಕೈಕೆಲಸ ಅಲ್ಲಿದೆ. ನಾನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿ ಅದನ್ನೂ ದಾಖಲಿಸುತ್ತೇನೆ.

ಆ ಬಣ್ಣದಲ್ಲಿ ಸೀಸವೂ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಅದು ನಿಷೇಧವಾದದ್ದು 1978ರಲ್ಲಿ. ಪೈಪುಗಳ ಸುತ್ತ ಆಸ್‌ಬೆಸ್ಟಾಸ್ ಇರಬಹುದು, ಅದರ ನಾರು ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಬಟ್ಟೆಯ ಮಾಸ್ಕ್ ಇಲ್ಲಿ ಉಪಯೋಗಕ್ಕೆ ಬರದು, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ರೆಸ್ಪಿರೇಟರ್ ಬೇಕು. ಲಿಖಿತ ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ, ಒಬ್ಬರೇ ಹೋಗಬೇಡಿ. ಸೂರು ಸೋರಿದ ಕಡೆ ಮರದ ನೆಲವನ್ನು ನಂಬಬೇಡಿ.

ಬೆಳಕಿನ ವಿಷಯದಲ್ಲಿ ನಾನು ಹಠಮಾರಿ. ಫ್ಲ್ಯಾಶ್ ಬಳಸುವುದೇ ಇಲ್ಲ. ಟ್ರೈಪಾಡ್, ಬೆಳಕಿಗೆ ಸೆನ್ಸರಿನ ಸಂವೇದನೆ ಕಡಿಮೆ (ಐಎಸ್‌ಒ 100), ಲೆನ್ಸಿನ ತೆರಪು ಕಿರಿದು (ಎಫ್/11), ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್. ಕಿಟಕಿ ಪೂರ್ತಿ ಬಿಳಿಚಿಕೊಳ್ಳದಂತೆ ಎರಡು ಸ್ಟಾಪ್ ಮೇಲೆ, ಎರಡು ಸ್ಟಾಪ್ ಕೆಳಗೆ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಇನ್ನಷ್ಟು ಫ್ರೇಮ್ ತೆಗೆದು ಹದವಾಗಿ ಸೇರಿಸುತ್ತೇನೆ. ಎಡಿಟಿಂಗ್‌ನಲ್ಲಿ ಕತ್ತಲೆ ಜಾಸ್ತಿ ಮಾಡಿ, ಹಸಿರು ಛಾಯೆ ಬಳಿದು ಭಯ ಹುಟ್ಟಿಸುವವರಿದ್ದಾರೆ. ಬಿಸಿಲು ಬರಲಿ ಅಂತಲೇ ಕಟ್ಟಿದ ವಾರ್ಡು ಅದು. ಬಿಸಿಲು ಬಂದಂತೆಯೇ ಫೋಟೋದಲ್ಲಿ ಕಾಣಬೇಕು.

ಹೆಸರುಗಳ ವಿಷಯಕ್ಕೆ ಬರುತ್ತೇನೆ. ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚಿದಾಗ ಅಟ್ಟದಲ್ಲಿ ರೋಗಿಗಳ 400ಕ್ಕೂ ಹೆಚ್ಚು ಸೂಟ್‌ಕೇಸ್‌ಗಳು ಸಿಕ್ಕವು. ಮುಂದೆ ಫೋಟೋಗ್ರಾಫರ್ ಜಾನ್ ಕ್ರಿಸ್ಪಿನ್ ಅವುಗಳ ಚಿತ್ರ ತೆಗೆದರು. ಹೆಚ್ಚಿನ ಮಾಲೀಕರ ಪೂರ್ತಿ ಹೆಸರು ಮಾತ್ರ ಹೊರಗೆ ಬರಲಿಲ್ಲ. ಹೆಸರಿಲ್ಲದಿದ್ದರೆ ಆ ಮನುಷ್ಯರನ್ನು ಇನ್ನೊಮ್ಮೆ ಅಳಿಸಿದಂತೆ ಅಂತ ವಾದಿಸುವವರಿದ್ದಾರೆ. ಆ ನೋವು ನನಗೂ ಅರ್ಥವಾಗುತ್ತದೆ. ಆದರೂ ಹೆಸರು ಹೇಳುವ ಹಕ್ಕು ಅವರ ಮನೆಯವರದ್ದು, ಕ್ಯಾಮೆರಾ ಹಿಡಿದು ಬಂದ ನನ್ನದಲ್ಲ.

ಹಾಗಾಗಿ ನೆಲದ ಮೇಲೆ ಕೇಸ್ ಫೈಲುಗಳು ಬಿದ್ದಿದ್ದರೆ ಓದಲಾಗದಷ್ಟು ದೂರದಿಂದ ತೆಗೆಯುತ್ತೇನೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡುತ್ತೇನೆ, ಒಂದು ಹೆಸರು ಕಂಡರೂ ಆ ಫ್ರೇಮ್ ಹೊರಗೆ ಹೋಗುವುದಿಲ್ಲ. ಕಾಗದಗಳು ಯಾವ ಮಹಡಿಯಲ್ಲಿ, ಯಾವ ಕೋಣೆಯಲ್ಲಿವೆ ಅಂತ ಬರೆದು ಅವತ್ತೇ ಕಟ್ಟಡದ ಮಾಲೀಕರಿಗೂ ರಾಜ್ಯದ ಪತ್ರಾಗಾರಕ್ಕೂ ಕಳಿಸುತ್ತೇನೆ. ಕೆಡವುವ ಯಂತ್ರ ಬರುವ ಮುಂಚೆ ಅವರು ಬಂದು ಎತ್ತಿಕೊಂಡು ಹೋಗಬಹುದು.