ಅಜ್ಜನ ಬಾಯ್ಲರ್ ಮತ್ತು ಸೀಸದ ಬಿರಡೆ

ಕುಮಟೆಯ ಹತ್ತಿರದ ಒಂದು ಹಂಚಿನ ಕಾರ್ಖಾನೆಯಲ್ಲಿ ನನ್ನ ಅಜ್ಜ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಕಾರ್ಖಾನೆ ಎಂದೋ ಮುಚ್ಚಿತು, ಅದರ ಚಿಮಣಿಯೂ ಈಗಿಲ್ಲ. ಬ್ರಿಟಿಷರ ಕಾಲದ ಆ ಬಾಯ್ಲರಿನ ಗುರುತಾಗಿ ನಮ್ಮ ಮನೆಯಲ್ಲಿ ಉಳಿದಿರುವುದು ಹೆಬ್ಬೆರಳಿನ ಗಾತ್ರದ, ನಡುವೆ ಸೀಸ ತುಂಬಿದ ಒಂದು ಲೋಹದ ಬಿರಡೆ ಮಾತ್ರ.

ನಮ್ಮ ಕರಾವಳಿಗೆ ಹಂಚಿನ ಉದ್ಯಮ ಬಂದದ್ದು ಮಂಗಳೂರಿನಿಂದ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ 1865ರಲ್ಲಿ ಮೊದಲ ಕಾರ್ಖಾನೆ ತೆರೆದರು. 1874ರಲ್ಲಿ ಮಿಷನ್ ಯಂತ್ರಗಳ ಕಾರ್ಯಾಗಾರವನ್ನೂ ಆರಂಭಿಸಿತು. ಮೊದಲು ಎತ್ತುಗಳು ತುಳಿದು ಹದಮಾಡುತ್ತಿದ್ದ ಜೇಡಿಮಣ್ಣನ್ನು ಮುಂದೆ ಉಗಿಯಂತ್ರ ನಾದತೊಡಗಿತು. ಹಂಚಿನ ಮೇಲಿನ ಮುದ್ರೆಯನ್ನು ನಾವು ಇಂದಿಗೂ ಓದುತ್ತೇವೆ, ಆದರೆ ಅದರ ಹಿಂದಿದ್ದ ಕಬ್ಬಿಣದ ಕೆಲಸವನ್ನು ನೆನೆಯುವವರು ಕಡಿಮೆ.

ಆ ಕಬ್ಬಿಣದಲ್ಲಿಯೂ ಎರಡು ಜಾತಿ. ಎರಕದ ಕಬ್ಬಿಣ ಭಾರವನ್ನು ಹೊರುತ್ತದೆ, ಆದರೆ ಒಳಗಿನಿಂದ ಹಿಗ್ಗಿಸುವ ಒತ್ತಡಕ್ಕೆ ಥಟ್ಟನೆ ಬಿರಿಯುತ್ತದೆ. ಹೀಗಾಗಿ ಎರಕದ ಶಾಲೆಯಲ್ಲಿ ಒಲೆಯ ಬಾಗಿಲು, ಬೆಂಕಿಯ ಸರಳುಗಳು ತಯಾರಾದರೆ, ಬಾಯ್ಲರಿನ ಹೊಟ್ಟೆಯನ್ನು ಬಡಿದು ಹದಗೊಳಿಸಿದ ಕಬ್ಬಿಣದ, ಮುಂದೆ ಉಕ್ಕಿನ, ತಗಡುಗಳಿಗೆ ರಿವೆಟ್ ಹೊಡೆದು ಕಟ್ಟುತ್ತಿದ್ದರು. ಈ ಪಾಠ ಸುಲಭವಾಗಿ ದಕ್ಕಿದ್ದಲ್ಲ. 1803ರಲ್ಲಿ ಲಂಡನ್ನಿನ ಬಳಿಯ ಗ್ರೀನಿಚ್‌ನಲ್ಲಿ ಉಗಿಯಂತ್ರಗಳ ಇಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಎರಕದ ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಆ ದುರಂತದ ನಂತರವೇ ಅವನು, ನೀರು ಇಳಿದಾಗ ಕರಗಿ ಎಚ್ಚರಿಸುವ ಸೀಸದ ಬಿರಡೆಯನ್ನು ಬಳಕೆಗೆ ತಂದ.

ಅಜ್ಜ ನೋಡಿಕೊಳ್ಳುತ್ತಿದ್ದದ್ದು ಲಂಕಾಶೈರ್ ಬಾಯ್ಲರ್. 1844ರಲ್ಲಿ ಫೇರ್‌ಬೇರ್ನ್ ಮತ್ತು ಹೆದರಿಂಗ್ಟನ್ ಪೇಟೆಂಟ್ ಪಡೆದ ಈ ಮಾದರಿಯಲ್ಲಿ, ಮಲಗಿಸಿಟ್ಟ ಉದ್ದನೆಯ ಹಂಡೆಯೊಳಗೆ ಎರಡು ಕೊಳವೆಗಳು ಹಾದುಹೋಗುತ್ತವೆ. ಬೆಂಕಿ ಉರಿಯುವುದು ಆ ಕೊಳವೆಗಳ ಒಳಗೆ, ನೀರು ನಿಲ್ಲುವುದು ಅವುಗಳ ಸುತ್ತ. ಕೊಳವೆಯ ನೆತ್ತಿಯ ಮೇಲೆ ನೀರು ಇರುವಷ್ಟು ಕಾಲ ಬೆಂಕಿಯ ಬಿಸಿಯನ್ನು ನೀರು ಹೀರಿಕೊಳ್ಳುತ್ತದೆ. ನೀರು ಇಳಿದು ನೆತ್ತಿ ಬರಿದಾಯಿತೆಂದರೆ ಕಬ್ಬಿಣ ಕೆಂಪಗೆ ಕಾದು ಮೆತ್ತಗಾಗುತ್ತದೆ, ಉಗಿಯ ಒತ್ತಡಕ್ಕೆ ಕುಸಿಯುತ್ತದೆ. ಬಿರಡೆಯನ್ನು ತಿರುಗಿಸಿ ಕೂರಿಸುವುದು ಅದೇ ನೆತ್ತಿಯಲ್ಲಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ ದಾರಿ ಬಿಡುತ್ತದೆ, ಉಗಿ ಬೆಂಕಿಯ ಮೇಲೆ ನುಗ್ಗಿ ಅಪಾಯವನ್ನು ಕೂಗಿ ಹೇಳುತ್ತದೆ. ಅಲ್ಲಿಯತನಕ ಹೋಗಗೊಡುವುದು ಬಾಯ್ಲರಿನವನಿಗೆ ಅವಮಾನ ಎಂದು ಅಜ್ಜ ಭಾವಿಸಿದ್ದರು. ನಾನು ಸೌದೆಯ ಬೆಂಕಿಯನ್ನೇ ಬೆರಗಿನಿಂದ ನೋಡುತ್ತಿದ್ದರೆ, ನೀರಿನ ಮಟ್ಟ ತೋರುವ ಗಾಜಿನ ನಳಿಗೆಯ ಕಡೆಗೆ ಕೈ ತೋರಿಸಿ, “ತಮಾ, ಮೊದಲು ನೀರು ನೋಡು” ಎನ್ನುತ್ತಿದ್ದರು.

ಹೊಳೆಯ ಉಪ್ಪುನೀರು ಕೈಗೆಟಕುವಷ್ಟು ಹತ್ತಿರವಿದ್ದರೂ ಬಾಯ್ಲರಿಗೆ ಚಿರೇಕಲ್ಲಿನ ಬಾವಿಯ ನೀರೇ ಆಗಬೇಕಿತ್ತು. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಒಳಗೆ ಗಟ್ಟಿ ಪದರವಾಗಿ ಕೂತು ಬಿಸಿಯನ್ನು ತಡೆಯುತ್ತದೆ.

1863ರಲ್ಲಿ ಕಲಕತ್ತೆಯಲ್ಲಿ ಬಾಯ್ಲರ್ ಸಿಡಿದು ಜೀವಹಾನಿಯಾದ ಮೇಲೆ, ಮರುವರ್ಷ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಆದದ್ದು 1923ರಲ್ಲಿ. ಆ ಕಾಯ್ದೆಯ ಪ್ರಕಾರ ವರ್ಷವರ್ಷವೂ ಪ್ರಮಾಣಪತ್ರ ಹೊಸದಾಗಬೇಕಿತ್ತು. ತಪಾಸಣೆಗೆ ಮುನ್ನ ಅಜ್ಜ ತಣ್ಣಗಾದ ಬಾಯ್ಲರಿನೊಳಗೆ ದೀಪ ಹಿಡಿದು ನುಸುಳಿ, ದಿನವಿಡೀ ಕಿಟ್ಟ ಕೆರೆದು, ಹಳೆಯ ಬಿರಡೆ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ಹಾಗೆ ತೆಗೆದ ಬಿರಡೆಗಳಲ್ಲಿ ಒಂದು ನನ್ನ ಮೇಜಿನ ಮೇಲಿದೆ. ಅದರ ಸೀಸ ಕರಗಿಲ್ಲ.