ರೋಡ್‌ಕಿಂಗ್ ಕೇಸಿಗೆ ಸ್ಟೇನ್‌ಲೆಸ್ ಬೋಲ್ಟ್

ಭಾನುವಾರ ಬೆಳಿಗ್ಗೆ ಗೇರ್ ಆಯಿಲ್ ಇಳಿಸಿ, ಹಳೆಯ ಬೈಕಾದ ಯೆಜ್ಡಿ ರೋಡ್‌ಕಿಂಗ್‌ನ ಕ್ಲಚ್ ಕವರ್ ಬಿಚ್ಚಲು ಕೂತದ್ದು. ಇದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ ಈ ಗಾಡಿಗಳ ಸ್ಕ್ರೂಗಳು ಎಷ್ಟೋ ಕೈ ದಾಟಿ ಬಂದಿರುತ್ತವೆ. ಎರಡು ಸ್ಕ್ರೂಗಳ ತಲೆಯ ಗೀರು ಸವೆದು ನುಣ್ಣಗಾಗಿತ್ತು. ಅವಕ್ಕೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ಬೆಳಿಗ್ಗೆ ಕೇಸು (ಎಂಜಿನ್ನಿನ ಅಲ್ಯೂಮಿನಿಯಮ್ ಕವಚ) ಬಿಸಿ ಮಾಡಿ, ಹೊಡೆತಕ್ಕೆ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ನೇರವಾಗಿ ಹೊಡೆದ ಮೇಲೆ ಸಡಿಲವಾದವು.

ಬದಲಿಗೆ ತಂದದ್ದು ಎಂ6 (6 ಎಂಎಂ ದಪ್ಪದ) ಸ್ಟೇನ್‌ಲೆಸ್ ಅಲೆನ್ ಬೋಲ್ಟ್, 5 ಎಂಎಂ ಕೀಲಿಯವು. ತಲೆಯ ಮೇಲೆ ಎ2-70 ಎಂದಿತ್ತು: ಎ2 ಸ್ಟೇನ್‌ಲೆಸ್‌ನ ಬಗೆ, 70 ಅದರ ಬಲದ ದರ್ಜೆ. ಸ್ಟೇನ್‌ಲೆಸ್ ಎಂದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ತಪ್ಪು. 8.8 ದರ್ಜೆಯ ಹೈ ಟೆನ್ಸೈಲ್ ಉಕ್ಕಿನ ಬೋಲ್ಟ್ ಸುಮಾರು 640 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಮತ್ತೆ ಕುಗ್ಗದಂತೆ ಎಳೆದುಕೊಳ್ಳಲು ಶುರುವಾದರೆ, ಎ2-70 ಬೋಲ್ಟ್ 450ಕ್ಕೇ ಎಳೆದುಕೊಳ್ಳುತ್ತದೆ. ಕವರಿಗೆ, ಮಡ್‌ಗಾರ್ಡಿಗೆ, ನಂಬರ್ ಪ್ಲೇಟಿಗೆ ಧಾರಾಳ ಸಾಕು. ಬ್ರೇಕಿನ ಆ್ಯಂಕರ್, ಆಕ್ಸೆಲ್, ಎಂಜಿನ್ ಮೌಂಟಿಂಗ್‌ಗಳಿಗೆ ಮಾತ್ರ ಹೈ ಟೆನ್ಸೈಲ್ ಬೋಲ್ಟೇ ಇರಲಿ, ಅಲ್ಲಿ ಹೊಳಪಿಗೆ ಆಸೆಪಡಬೇಡಿ.

ಎಡವಟ್ಟಾದದ್ದು ಮಡ್‌ಗಾರ್ಡಿನಲ್ಲಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನೈಲಾಕ್ ನಟ್ಟು (ಒಳಗೆ ನೈಲಾನ್ ಉಂಗುರವಿದ್ದು ಸಡಿಲವಾಗದ ನಟ್ಟು) ಹಾಕಿ, ರಾಚೆಟ್‌ನಲ್ಲಿ ಜೋರಾಗಿ ತಿರುಗಿಸಿದಾಗ ಅರ್ಧದಲ್ಲೇ ಕಚ್ಚಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು ನೋಡಿದರೆ ತ್ರೆಡ್ಡಿನ ಮೇಲೆ ಲೋಹ ಹರಿದು ಮೆತ್ತಿಕೊಂಡಿತ್ತು. ಒತ್ತಡಕ್ಕೆ ಮೇಲಿನ ಆಕ್ಸೈಡ್ ಪದರ ಉಜ್ಜಿ ಹೋಗಿ ಲೋಹಕ್ಕೆ ಲೋಹವೇ ಅಂಟಿಕೊಳ್ಳುತ್ತದೆ. ಮದ್ದು ಎರಡೇ: ತ್ರೆಡ್ಡು ಕಚ್ಚದಂತೆ ತಡೆಯುವ ಆ್ಯಂಟಿ-ಸೀಝ್ ಪೇಸ್ಟ್ ಹಚ್ಚುವುದು, ಕೈಯಲ್ಲಿ ನಿಧಾನವಾಗಿ ತಿರುಗಿಸುವುದು.

ಕೇಸಿಗೂ ಆ ಪೇಸ್ಟ್ ಬೇಕು, ಕಾರಣ ಮಾತ್ರ ಬೇರೆ. ಅಲ್ಯೂಮಿನಿಯಮ್ಮಿಗೂ ಸ್ಟೇನ್‌ಲೆಸ್ಸಿಗೂ ನಡುವೆ ನೀರು ನಿಂತರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಮ್ಮೇ. ಬೋಲ್ಟ್ ಹೊಸದರಂತೆ ಹೊಳೆಯುತ್ತಿರುತ್ತದೆ, ಕೇಸಿನ ತ್ರೆಡ್ಡು ಬಿಳಿ ಪುಡಿಯಾಗಿರುತ್ತದೆ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇದು ಬೇಗ ಆಗುತ್ತದೆ, ಜೊತೆಗೆ ಎ2 ಬೋಲ್ಟಿಗೂ ಕಂದು ಕಲೆ ಬರುತ್ತದೆ. ಕರಾವಳಿಯವರು ಉಪ್ಪನ್ನು ಇನ್ನೂ ಚೆನ್ನಾಗಿ ತಡೆಯುವ ಎ4 ಸ್ಟೇನ್‌ಲೆಸ್ ಕೇಳಿ ತೊಗೊಳ್ಳಿ.

ಉದ್ದ ಅಳೆಯದೆ ಯಾವುದನ್ನೂ ಹಾಕಬೇಡಿ. ತೆಳು ತಂತಿ ಇಳಿಸಿ ತೂತಿನ ಆಳ ನೋಡಿದೆವು. ಅಲ್ಯೂಮಿನಿಯಮ್ಮಿನಲ್ಲಿ ಎಂ6 ಕನಿಷ್ಠ 9 ಎಂಎಂ ಕಚ್ಚಬೇಕು. ಹೆಚ್ಚು ಉದ್ದವಿದ್ದರೆ ತಳಕ್ಕೆ ತಾಗುತ್ತದೆ: ಬಿಗಿ ಆದಂತೆ ಅನ್ನಿಸಿದರೂ ಕವರ್ ಕೂತಿರುವುದಿಲ್ಲ, ಇನ್ನೂ ಒತ್ತಿದರೆ ಕೇಸು ಸೀಳುತ್ತದೆ.

ಎದುರುಬದುರಾಗಿ, ಎರಡು ಸುತ್ತಿನಲ್ಲಿ, ಕಡೆಗೆ ಸುಮಾರು 8 ನ್ಯೂಟನ್ ಮೀಟರಿಗೆ ಬಿಗಿ ಮಾಡಿದೆವು. ಪೇಸ್ಟ್ ಇರುವುದರಿಂದ ಅದಕ್ಕಿಂತ ಹೆಚ್ಚು ಬೇಡ. ಎಂಜಿನ್ ಒಮ್ಮೆ ಬಿಸಿಯಾಗಿ ಆರಿದ ಮೇಲೆ ಗ್ಯಾಸ್ಕೆಟ್ ಕೂತಿತ್ತು. ಇನ್ನೊಮ್ಮೆ ಕೀಲಿ ಇಟ್ಟಾಗ ಮೂರು ಬೋಲ್ಟುಗಳು ಕಾಲು ಸುತ್ತು ಹಿಡಿದವು.