ಪಿಯಾನೋ ಮತ್ತು ಕೋರ್ಟು
ಬಾಲ್ಯದ ಲೈಂಗಿಕ ದೌರ್ಜನ್ಯದ ನೆನಪು ಹೊತ್ತ ಸಂಗೀತಗಾರರ ಕುರಿತ ಸ್ವತಂತ್ರ ಚಿತ್ರಗಳು, ಕೊನೆಯ ಕಛೇರಿಯಲ್ಲೇ ನೋವೆಲ್ಲ ಕರಗಿತೆಂಬಂತೆ ಮುಗಿದಾಗ ನನಗೆ ಬ್ರಿಟಿಷ್ ಪಿಯಾನೋ ವಾದಕ ಜೇಮ್ಸ್ ರೋಡ್ಸ್ ನೆನಪಾಗುತ್ತಾರೆ. ಎಳೆಯ ವಯಸ್ಸಿನಲ್ಲೇ ಶಾಲೆಯ ಶಿಕ್ಷಕನಿಂದ ಅತ್ಯಾಚಾರಕ್ಕೊಳಗಾದ ಅವರಿಗೆ ಜರ್ಮನ್ ಸಂಗೀತ ರಚನೆಕಾರ ಬಾಖ್‌ನ ಸಂಗೀತ ಬದುಕುವ ಆಸರೆಯಾಯಿತು, ನಿಜ. ಆದರೆ ನಡೆದದ್ದನ್ನು ಬರೆದು ಹೇಳುವುದಕ್ಕೆ ಅವರು ನ್ಯಾಯಾಲಯದಲ್ಲಿ ಹೋರಾಡಬೇಕಾಯಿತು. ಮಗನ ಮನಸ್ಸಿಗೆ ಘಾಸಿಯಾದೀತೆಂಬ ಕಾರಣಕ್ಕೆ ಅವರ ಆತ್ಮಕಥನದ ಪ್ರಕಟಣೆಗೆ ಬಿದ್ದಿದ್ದ ತಡೆಯನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರ ಮೇ ತಿಂಗಳಲ್ಲಿ ತೆರವುಗೊಳಿಸಿತು. ಈ ದೀರ್ಘ ಅಲೆದಾಟವನ್ನು ತಾಳ್ಮೆಯಿಂದ ತೋರಿಸುವ ಚಿತ್ರಕ್ಕಾಗಿ ನಾನು ಕಾಯುತ್ತಿದ್ದೇನೆ. ಮುಂದೆ ಸ್ಪೇನಿನಲ್ಲಿ ನೆಲೆಸಿದ ರೋಡ್ಸ್ ಮಕ್ಕಳ ರಕ್ಷಣೆಯ ಕಾನೂನಿಗಾಗಿ ದನಿ ಎತ್ತಿದರು. 2021ರಲ್ಲಿ ಜಾರಿಯಾದ, ಅಲ್ಲಿನ ಜನ ಅವರ ಹೆಸರಿನಿಂದಲೇ ಕರೆಯುವ ಆ ಕಾಯ್ದೆಯ ಪ್ರಕಾರ, ಗಂಭೀರ ಪ್ರಕರಣಗಳಲ್ಲಿ ಮೊಕದ್ದಮೆ ಹೂಡಲು ಇರುವ ಕಾಲಮಿತಿಯ ಎಣಿಕೆ ಸಂತ್ರಸ್ತರಿಗೆ 35 ವರ್ಷ ತುಂಬಿದ ಮೇಲಷ್ಟೇ ಆರಂಭವಾಗುತ್ತದೆ.